ಸಂಶಯಕ್ಕೂ ತೀರ್ಪಿಗೂ ನಡುವೆ

ನಗರದ ಮಹಾದ್ವಾರದ ಬಳಿ ಧ್ವಜವೆತ್ತಿದ ಸುಂಕದ ಕಟ್ಟೆ. ಅಲ್ಲಿ ನಾಲ್ಕೈದು ಮಂದಿ ಲೆಕ್ಕಿಗರು. ವರ್ತಕನು ಯಾರು, ಎಲ್ಲಿಂದ ಬಂದವನು, ಸರಕೆಷ್ಟು, ಮುದ್ರೆ ಬಿದ್ದುದೆಲ್ಲಿ ಎಂಬುದನ್ನು ಅವರು ಬರೆದಿಟ್ಟುಕೊಳ್ಳಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಪ್ರಶ್ನೆಗಳು ಇಂದಿಗೂ ಬಹುಮಟ್ಟಿಗೆ ಅವೇ. ಆದರೆ ಇಂದು ಪ್ರಶ್ನಿಸುವವನ ಕೈಗೂ ಕಟ್ಟುಪಾಡುಂಟು.

1962ರ ಕಸ್ಟಮ್ಸ್ ಕಾಯಿದೆಯನ್ನೇ ನೋಡೋಣ. ಸರಕು ಮುಟ್ಟುಗೋಲಿಗೆ ಈಡಾಗತಕ್ಕದ್ದೆಂದು ನಂಬಲು ಕಾರಣವಿದ್ದರೆ ಅಧಿಕಾರಿಯು 110ನೆಯ ಪ್ರಕರಣದಂತೆ ಅದನ್ನು ವಶಪಡಿಸಿಕೊಳ್ಳಬಹುದು. ಬರಿಯ ಗುಮಾನಿ ಸಾಲದು. ಮೈ ತಪಾಸಣೆಗೆ ಒಳಗಾಗುವವನು ತನ್ನನ್ನು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಬಳಿಗೆ ಒಯ್ಯಿರೆಂದು ಕೇಳಬಹುದು. ಶೋಧಕ್ಕೆ ಇಬ್ಬರಾದರೂ ಸಾಕ್ಷಿಗಳಿರಬೇಕು. ದೊರೆತ ವಸ್ತುಗಳ ಪಟ್ಟಿಗೆ ಅವರ ಸಹಿ ಬೀಳಬೇಕು. ಹೆಂಗಸನ್ನು ಹೆಂಗಸೇ ಶೋಧಿಸಬೇಕು.

ವಶ ಬೇರೆ, ಮುಟ್ಟುಗೋಲು ಬೇರೆ. ಮುಟ್ಟುಗೋಲಿನ ಆಜ್ಞೆಯಾದ ಮೇಲೆಯೇ ಸರಕು ಸರ್ಕಾರದ ಸ್ವತ್ತು. ಅದಕ್ಕೆ ಮುನ್ನ ಒಡೆಯನಿಗೆ ನೋಟೀಸು ಕೊಟ್ಟು, ಅವನ ಅಹವಾಲನ್ನು ಕೇಳಬೇಕು. ಆರು ತಿಂಗಳಲ್ಲಿ ನೋಟೀಸು ಬಾರದೆ, ಲಿಖಿತ ಕಾರಣವಿತ್ತು ಅವಧಿಯನ್ನು ಇನ್ನಾರು ತಿಂಗಳವರೆಗೆ ಬೆಳೆಸದೆ ಹೋದರೆ ಸರಕನ್ನು ಮರಳಿಸತಕ್ಕದ್ದು.

ಚಿನ್ನ ಮತ್ತು ಗಡಿಯಾರಗಳ ವಿಷಯದಲ್ಲಿ ಮಾತ್ರ ತಕ್ಕಡಿ ವಾಲುತ್ತದೆ. ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ಅವನ್ನು ಹಿಡಿದಾಗ, ಅಲ್ಲವೆಂದು ಸಾಧಿಸುವ ಹೊರೆ 123ನೆಯ ಪ್ರಕರಣದಂತೆ ಹೊಂದಿದವನದೇ. ಕಳ್ಳನಿಗಾಗಿ ಹೆಣೆದ ಈ ಬಲೆಯಲ್ಲಿ ರಸೀದಿ ಕಳೆದುಕೊಂಡ ಸಜ್ಜನನೂ ಸಿಕ್ಕಬಹುದು. ಆದುದರಿಂದಲೇ ಆ ಸಾಕ್ಷಿಯ ಸಹಿ, ಆ ಆರು ತಿಂಗಳ ಗಡುವು ಒಣ ಔಪಚಾರಿಕತೆಗಳಲ್ಲ. ಸಂಶಯವು ತೀರ್ಪಾಗಿಬಿಡದಂತೆ ನಡುವೆ ನಿಲ್ಲಿಸಿದ ಕಾವಲುಗಾರರು.