ಕಂಪ್ಯೂಟರಿನ ಹಾಡು ಮತ್ತು ಶಹಾಬಾದ್ ಕಲ್ಲು

ಸೇಡಂ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಕಂಪ್ಯೂಟರಿನಲ್ಲಿ ಹಾಡಿನ ನುಡಿಗಳು ಒಂದರೊಳಗೊಂದು ಕಲಸಿ ಕೇಳಿಸುತ್ತಿದ್ದುವು. ಪುಸ್ತಕಕ್ಕೆಂದು ಕೂಡಿಟ್ಟ ಹಣದಿಂದ ಬೆಲೆಯುಳ್ಳ ಸಂಗೀತ ತಂತ್ರಾಂಶವೊಂದನ್ನು ಕೊಳ್ಳಲು ಅವನು ಹೊರಟಿದ್ದನು.

ತಂತ್ರಾಂಶದ ಕೆಲಸವೇನು? ಸಿ.ಡಿ.ಯ ಹಾಡೆಂದರೆ ಸಂಖ್ಯೆಗಳ ಸಾಲು: ಎಡಕ್ಕೂ ಬಲಕ್ಕೂ ಸೆಕೆಂಡಿಗೆ 44,100ರಂತೆ ಧ್ವನಿಯ ಅಳತೆಗಳು, ಪ್ರತಿಯೊಂದು ಅಳತೆಯೂ 65,536 ಮಟ್ಟಗಳಲ್ಲಿ ಒಂದು. ಈ ಸಂಖ್ಯೆಗಳನ್ನು ಓದಿ, ಅವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಾಧನಕ್ಕೆ ಮುಟ್ಟಿಸುವ ಅಂಚೆಯವನೇ ತಂತ್ರಾಂಶ. ಕಾಗದವನ್ನು ತಿದ್ದದೆ ತಲಪಿಸಿದರೆ ಅಂಚೆಯವರಲ್ಲಿ ಭೇದವೇನು? ಒಂದು ತಂತ್ರಾಂಶವು ಹೆಚ್ಚು ಇಂಪೆಂದು ತೋರಿದರೆ, ಸಾಮಾನ್ಯವಾಗಿ ಅದರ ಧ್ವನಿಯ ಮಟ್ಟ ತುಸು ಏರಿರುತ್ತದೆ, ಅಷ್ಟೆ. ಆದುದರಿಂದ ಫ್ಲ್ಯಾಕ್ ಕಡತಗಳನ್ನು ಓದಬಲ್ಲ, ಹಾಡುಗಳ ನಡುವೆ ಇಲ್ಲದ ಮೌನವನ್ನು ಸೇರಿಸದ ಉಚಿತ ತಂತ್ರಾಂಶವೇ ಸಾಕು. ಫೂಬಾರ್2000 ಅಂಥದೊಂದು.

ಹಾಗಾದರೆ ದೋಷವೆಲ್ಲಿ? ಕೋಣೆಯಲ್ಲಿ! ವಾಡಿ, ಚಿತ್ತಾಪುರ, ಚಿಂಚೋಳಿಗಳ ಕಡೆ ಅನೇಕ ಮನೆಗಳಿಗೆ ಶಹಾಬಾದ್ ಕಲ್ಲಿನ ಹಾಸು. ಆ ನುಣುಪಾದ ಸುಣ್ಣಕಲ್ಲು ತನ್ನ ಮೇಲೆ ಬಿದ್ದ ಧ್ವನಿಯ ಬಹುಪಾಲನ್ನು ಹಿಂದಿರುಗಿಸುತ್ತದೆ, ಬರಿಗೋಡೆಗಳೂ ಹಾಗೆಯೇ. ಒಂದು ನುಡಿ ಅಡಗುವ ಮೊದಲೇ ಮುಂದಿನದು ಬಂದು ಸೇರುತ್ತದೆ. ವಾಚಕರು ಬರಿದಾದ ಕೋಣೆಯಲ್ಲಿ ಚಪ್ಪಾಳೆ ತಟ್ಟಲಿ; ಬಳಿಕ ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ಕೌದಿ ತೂಗುಹಾಕಿ ಮತ್ತೆ ತಟ್ಟಿ ನೋಡಲಿ.

ನನ್ನ ವಿದ್ಯಾರ್ಥಿ ಹಾಗೆಯೇ ಮಾಡಿದನು. ನುಡಿಗಳು ಬಿಡಿಬಿಡಿಯಾಗಿ ಕೇಳಿಸಿದುವು; ಹಣವು ಪುಸ್ತಕದ ಅಂಗಡಿಗೆ ಸಂದಿತು.