ಎಲ್ಲೆ ತಿಳಿದರೆ ಲೆಕ್ಕ ಸುಲಭ: ವಕ್ರರೇಖೆಗಳ ನಡುವಿನ ಕ್ಷೇತ್ರಫಲ ಮತ್ತು ಇಮ್ಮಡಿ ಅನುಕಲನ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಕಾಸರಗೋಡಿನ ಮಕ್ಕಳು ಮುಂದೆ ವಿಜ್ಞಾನ ಪದವಿಗೋ ಎಂಜಿನಿಯರಿಂಗಿಗೋ ಸೇರಿದಾಗ ಗಣಿತದಲ್ಲಿ ಎಡವುವ ಸ್ಥಳಗಳಲ್ಲಿ 'ಡಬಲ್ ಇಂಟೆಗ್ರಲ್' ಒಂದು. ಸೂತ್ರಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ಆದರೆ ಇಂಗ್ಲಿಷಿನಲ್ಲಿ ಹೇಳಿದ ಪ್ರದೇಶವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಅದರ ಎಲ್ಲೆಗಳನ್ನು ಗುರುತಿಸುವುದು ಅವರಿಗೆ ಕಷ್ಟವಾಗುತ್ತದೆ. ಅನೇಕರು ಇದನ್ನು ತಮ್ಮ ಬುದ್ಧಿಯ ಕೊರತೆಯೆಂದೇ ಭಾವಿಸಿ ಗಣಿತದಿಂದ ದೂರ ಸರಿಯುತ್ತಾರೆ. ಕೊರತೆ ಬುದ್ಧಿಯದ್ದಲ್ಲ, ಭಾಷೆಯದ್ದು. ಈ ವಿಷಯವನ್ನು ಕನ್ನಡದಲ್ಲಿಯೇ ಒಮ್ಮೆ ಕ್ರಮವಾಗಿ ನೋಡೋಣ.

ನಮ್ಮ ಕಡೆಯ ಒಂದು ಅಡಿಕೆ ತೋಟವನ್ನು ಕಲ್ಪಿಸಿಕೊಳ್ಳಿ. ಪಶ್ಚಿಮದಲ್ಲಿ ಬಾಗಿ ಹರಿಯುವ ತೋಡು, ಪೂರ್ವದಲ್ಲಿ ನೇರವಾಗಿ ಹಾಕಿದ ಬೇಲಿ. ಪೂರ್ವದ ಕಡೆಗಿನ ಅಳತೆಯನ್ನು ಎಕ್ಸ್ ಎಂದೂ ಉತ್ತರದ ಕಡೆಗಿನ ಅಳತೆಯನ್ನು ವೈ ಎಂದೂ ಕರೆಯೋಣ. ಒಂದು ಮಾನವೆಂದರೆ 10 ಮೀಟರ್. ತೋಡಿನ ಬಾಗು ಒಂದು ಪರವಲಯ:

ಎಕ್ಸ್ = ವೈ²

ಬೇಲಿ ಒಂದು ಸರಳರೇಖೆ:

ಎಕ್ಸ್ = ವೈ + 2

ಇವೆರಡರ ನಡುವಿನ ನೆಲ ಎಷ್ಟು ಎಂಬುದು ಪ್ರಶ್ನೆ.

ಮೊದಲ ಹೆಜ್ಜೆ, ತೋಡೂ ಬೇಲಿಯೂ ಸಂಧಿಸುವ ಬಿಂದುಗಳನ್ನು ಕಂಡುಹಿಡಿಯುವುದು. ಎರಡೂ ಸಮೀಕರಣಗಳನ್ನು ಸಮೀಕರಿಸಿದರೆ ವೈ² − ವೈ − 2 = 0 ಎಂಬ ವರ್ಗ ಸಮೀಕರಣ ದೊರೆಯುತ್ತದೆ. ಇದರ ಮೂಲಗಳು ವೈ = −1 ಮತ್ತು ವೈ = 2. ಆದ್ದರಿಂದ ಸಂಧಿಬಿಂದುಗಳು (1, −1) ಮತ್ತು (4, 2).

ಈಗ ತೋಟವನ್ನು ಅತಿ ಚಿಕ್ಕ ಆಯತಗಳಾಗಿ ವಿಭಾಗಿಸಿದೆವೆಂದು ಭಾವಿಸಿ. ಒಂದೊಂದರ ಅಗಲ ಡಿಎಕ್ಸ್, ಎತ್ತರ ಡಿವೈ, ಕ್ಷೇತ್ರಫಲ ಅವುಗಳ ಗುಣಲಬ್ಧ. ಇಮ್ಮಡಿ ಅನುಕಲನವೆಂದರೆ ಈ ಎಲ್ಲ ಆಯತಗಳನ್ನು ಎರಡು ಸುತ್ತಿನಲ್ಲಿ ಕೂಡಿಸುವುದು, ಬೇರೇನೂ ಅಲ್ಲ. ಅನುಕಲನದ ಚಿಹ್ನೆಯೂ ಇದನ್ನೇ ಹೇಳುತ್ತದೆ. 1675ರಲ್ಲಿ ಲೈಬ್ನಿಟ್ಸ್ ಮೊತ್ತ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರ 'ಎಸ್' ಅನ್ನು ಉದ್ದಕ್ಕೆ ಎಳೆದು ಈ ಚಿಹ್ನೆಯನ್ನು ರೂಪಿಸಿದನು.

ಮೊದಲ ಸುತ್ತಿನಲ್ಲಿ, ಒಂದು ನಿಶ್ಚಿತ ವೈ ಬೆಲೆಯಲ್ಲಿ ನಿಂತು ಪಶ್ಚಿಮದಿಂದ ಪೂರ್ವಕ್ಕೆ ನಡೆಯೋಣ. ಕಾಲಿಡುವುದು ತೋಡಿನ ದಂಡೆಯಲ್ಲಿ, ಅಂದರೆ ಎಕ್ಸ್ = ವೈ² ಎಂಬಲ್ಲಿ. ಹೊರಬರುವುದು ಬೇಲಿಯಲ್ಲಿ, ಅಂದರೆ ಎಕ್ಸ್ = ವೈ + 2 ಎಂಬಲ್ಲಿ. ಇವು ಒಳಗಿನ ಅನುಕಲನದ ಎಲ್ಲೆಗಳು. ಆ ಪಟ್ಟಿಯ ಉದ್ದ ವೈ + 2 − ವೈ². ಎರಡನೆಯ ಸುತ್ತಿನಲ್ಲಿ ಇಂತಹ ಪಟ್ಟಿಗಳನ್ನು ದಕ್ಷಿಣದ ತುದಿ −1ರಿಂದ ಉತ್ತರದ ತುದಿ 2ರವರೆಗೆ ಕೂಡಿಸಬೇಕು. ಇವು ಹೊರಗಿನ ಎಲ್ಲೆಗಳು. ಒಳಗಿನ ಎಲ್ಲೆಗಳಲ್ಲಿ ವೈ ಇರಬಹುದು. ಹೊರಗಿನ ಎಲ್ಲೆಗಳು ಮಾತ್ರ ಶುದ್ಧ ಸಂಖ್ಯೆಗಳೇ ಆಗಿರಬೇಕು.

ಅನುಕಲಿಸಿದಾಗ ವೈ²/2 + 2ವೈ − ವೈ³/3 ದೊರೆಯುತ್ತದೆ. ವೈ = 2 ಆದಾಗ ಇದರ ಬೆಲೆ 10/3; ವೈ = −1 ಆದಾಗ −7/6. ವ್ಯತ್ಯಾಸ 27/6, ಅಂದರೆ 9/2 ಚದರ ಮಾನ. ಒಂದು ಚದರ ಮಾನಕ್ಕೆ 100 ಚದರ ಮೀಟರಿನಂತೆ ತೋಟ 450 ಚದರ ಮೀಟರ್, ಸುಮಾರು 11 ಸೆಂಟ್ಸ್.

ಇದೇ ತೋಟವನ್ನು ದಕ್ಷಿಣದಿಂದ ಉತ್ತರಕ್ಕೆ ನಡೆದು ಅಳೆದರೆ ಏನಾಗುತ್ತದೆ? ಎಕ್ಸ್ 0ಯಿಂದ 1ರವರೆಗೆ ಇರುವಾಗ ಪ್ರವೇಶವೂ ನಿರ್ಗಮನವೂ ತೋಡಿನ ದಂಡೆಯಲ್ಲೇ: ವೈ ಬೆಲೆ −√ಎಕ್ಸ್‌ನಿಂದ √ಎಕ್ಸ್‌ವರೆಗೆ. ಎಕ್ಸ್ 1ರಿಂದ 4ರವರೆಗೆ ಇರುವಾಗ ಪ್ರವೇಶ ಬೇಲಿಯಲ್ಲಿ, ನಿರ್ಗಮನ ತೋಡಿನಲ್ಲಿ: ಎಕ್ಸ್ − 2ರಿಂದ √ಎಕ್ಸ್‌ವರೆಗೆ. ಪ್ರವೇಶದ ಎಲ್ಲೆ ಬದಲಾಗುವುದರಿಂದ ಲೆಕ್ಕವನ್ನು ಎರಡು ಭಾಗ ಮಾಡಲೇಬೇಕು. ಮೊದಲ ಭಾಗ 4/3, ಎರಡನೆಯದು 19/6. ಒಟ್ಟು ಮತ್ತೆ 9/2. ಕ್ರಮ ಬದಲಿಸಿದರೂ ಉತ್ತರ ಬದಲಾಗದೆಂಬ ಭರವಸೆಯನ್ನು ವ್ಯಾಪಕವಾದ ರೂಪದಲ್ಲಿ ಸಾಧಿಸಿದವನು ಇಟಲಿಯ ಗಣಿತಜ್ಞ ಗುಯಿಡೊ ಫುಬಿನಿ, 1907ರಲ್ಲಿ.

ಈ ಎರಡನೆಯ ಕ್ರಮದಲ್ಲಿಯೇ ಹೆಚ್ಚಿನವರು ತಪ್ಪುವುದು. ಚಿತ್ರ ಬರೆಯದೆ, 0ಯಿಂದ 4ರವರೆಗೂ ಪ್ರವೇಶ ಬೇಲಿಯಲ್ಲೇ ಎಂದು ಭಾವಿಸಿದರೆ ಉತ್ತರ 16/3 ಬರುತ್ತದೆ. ಹೆಚ್ಚಾಗಿ ಬಂದ 5/6 ಎಲ್ಲಿಯದು? ತೋಡಿನ ಆಚೆ, ದಕ್ಷಿಣದಲ್ಲಿರುವ ನೆರೆಯವರ ನೆಲದ್ದು! ಎರಡು ಸೆಂಟ್ಸಿಗೂ ತುಸು ಹೆಚ್ಚಿನ ನೆಲವನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡಂತಾಯಿತು. ಅನುಕಲನದಲ್ಲಿ ಎಲ್ಲೂ ತಪ್ಪಿಲ್ಲ, ತಪ್ಪಿದ್ದು ಎಲ್ಲೆ.

ಉತ್ತರವನ್ನು ತಾಳೆ ನೋಡಲು ಹಳೆಯ ದಾರಿಯೊಂದಿದೆ. ಪರವಲಯವೂ ಅದರ ಜ್ಯಾವೂ ಆವರಿಸಿದ ಕ್ಷೇತ್ರವು, ಜ್ಯಾಕ್ಕೆ ಸಮಾಂತರವಾದ ಸ್ಪರ್ಶಕ ತಾಗುವ ಬಿಂದುವನ್ನು ಶೃಂಗವಾಗಿ ಉಳ್ಳ ತ್ರಿಭುಜದ 4/3ರಷ್ಟಿರುತ್ತದೆ ಎಂದು ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿಯೇ ಸಾಧಿಸಿದ್ದನು. ನಮ್ಮ ತೋಟದಲ್ಲಿ ಆ ಬಿಂದು (1/4, 1/2). ತ್ರಿಭುಜದ ಕ್ಷೇತ್ರಫಲ 27/8. ಅದರ 4/3 ಪಟ್ಟು 9/2 ಆಗುತ್ತದೆ.

ಒಂದೇ ಅನುಕಲನದಿಂದ ಆಗುವ ಕೆಲಸಕ್ಕೆ ಎರಡೇಕೆ ಎಂದು ಕೇಳಬಹುದು. ಕೇವಲ ಕ್ಷೇತ್ರಫಲ ಬೇಕಾದಾಗ ಒಂದೂ ಸಾಕು. ಆದರೆ ತೋಡಿನ ಬಳಿ ಇಳುವರಿ ಹೆಚ್ಚು, ಬೇಲಿಯ ಬಳಿ ಕಡಿಮೆ ಎಂದಾದರೆ ಪ್ರತಿ ಚಿಕ್ಕ ಆಯತವನ್ನೂ ಅಲ್ಲಿಯ ಇಳುವರಿಯಿಂದ ಗುಣಿಸಿ ಕೂಡಿಸಬೇಕಾಗುತ್ತದೆ. ಆಗಲೂ ಎಲ್ಲೆಗಳು ಇವೇ. ಕ್ಷೇತ್ರಫಲದಲ್ಲಿ ಎಲ್ಲೆ ಗುರುತಿಸಲು ಕಲಿತವರಿಗೆ ತೂಕ, ಗುರುತ್ವಕೇಂದ್ರ, ಘನಫಲಗಳ ಲೆಕ್ಕಗಳು ತೆರೆದುಕೊಳ್ಳುತ್ತವೆ.

ಇಂತಹ ಗಣಿತವನ್ನು ಜನರ ಭಾಷೆಯಲ್ಲಿ ಹೇಳಲಾಗದು ಎನ್ನುವವರು ನಾವಿರುವ ಕೇರಳದ ಚರಿತ್ರೆಯನ್ನೇ ನೋಡಲಿ. ಸುಮಾರು 1530ರಲ್ಲಿ ಜ್ಯೇಷ್ಠದೇವನು 'ಯುಕ್ತಿಭಾಷಾ'ವನ್ನು ಬರೆದದ್ದು ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. ವೃತ್ತ, ಗೋಲಗಳ ಅಳತೆಯನ್ನು ಸಣ್ಣ ತುಂಡುಗಳ 'ಸಂಕಲಿತ'ದಿಂದ ಅವನು ಅದರಲ್ಲಿ ಯುಕ್ತಿಸಹಿತ ವಿವರಿಸಿದ್ದಾನೆ. ಕನ್ನಡದಲ್ಲಿ 12ನೇ ಶತಮಾನದಷ್ಟು ಹಿಂದೆಯೇ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ರಚಿಸಿದ್ದನು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಅದರಾಚೆಗೆ ಸೇತುವೆ ಕಟ್ಟಬೇಕಾದವರು ನಾವೇ, ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ. ಪರೀಕ್ಷೆಯ ಉತ್ತರ ಇಂಗ್ಲಿಷಿನಲ್ಲಿಯೇ ಇರಲಿ. ಅದಕ್ಕೆ ಮೊದಲು ಚಿತ್ರ ಬರೆದು, ಎಲ್ಲಿ ಒಳಹೊಕ್ಕೆ, ಎಲ್ಲಿ ಹೊರಬಂದೆ, ಎಲ್ಲಿಂದ ಎಲ್ಲಿಯವರೆಗೆ ನಡೆದೆ ಎಂಬ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳಿಕೊಳ್ಳುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಮಾಡಿಸೋಣ.