ಅರಮನೆ ಕೊಟ್ಟ ಹೆಸರುಗಳು

ರಾವ್ ಬಹದ್ದೂರ್, ಪ್ರಾಕ್ತನವಿಮರ್ಶವಿಚಕ್ಷಣ, ಆರ್. ನರಸಿಂಹಾಚಾರ್ಯ. ಹಳೆಯ ಪುಸ್ತಕಗಳಲ್ಲಿ ಈ ಹೆಸರು ಹೀಗೆ ಎರಡು ಬಿರುದು ಹೊತ್ತೇ ಬರುತ್ತದೆ. ಮೊದಲನೆಯದು ಬ್ರಿಟಿಷ್ ಸರ್ಕಾರದ್ದು, ದೇಶದ ಉದ್ದಗಲಕ್ಕೂ ಎಷ್ಟೋ ಅಧಿಕಾರಿಗಳಿಗೆ ಸಿಕ್ಕಿದ್ದು. ಎರಡನೆಯದು ಮೈಸೂರು ಮಹಾರಾಜರು ಕೊಟ್ಟದ್ದು. ಅದು ಮೈಯಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಅವರೊಬ್ಬರಿಗೇ ಒಪ್ಪುತ್ತದೆ.

ಬಿ.ಎಲ್. ರೈಸ್ ನಿವೃತ್ತರಾದ ಮೇಲೆ, 1906ರಲ್ಲಿ ಮೈಸೂರಿನ ಪುರಾತತ್ವ ಇಲಾಖೆ ನರಸಿಂಹಾಚಾರ್ಯರ ಕೈಗೆ ಬಂತು. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆಚಾರ್ಯರು ಮತ್ತೆ ಹುಡುಕಿ, ಓದಿ ಸಿದ್ಧಪಡಿಸಿದ ಪರಿಷ್ಕೃತ ಸಂಪುಟ 1923ರಲ್ಲಿ ಹೊರಬಂದಾಗ ಅದರಲ್ಲಿದ್ದದ್ದು 500! ಇದರ ಜೊತೆಜೊತೆಗೇ ಅವರು ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು ಕೊಟ್ಟರು. ಹಳೆಯದನ್ನು ಶೋಧಿಸುವುದರಲ್ಲಿ ನಿಪುಣ ಎಂಬ ಬಿರುದು ಇನ್ಯಾರಿಗೆ ಸಲ್ಲಬೇಕಿತ್ತು?

ಹೈದರಾಬಾದಿನಲ್ಲಿ ನಿಜಾಮರು ಕೊಡುತ್ತಿದ್ದ ಜಂಗ್, ದೌಲಾ, ಮುಲ್ಕ್, ಜಾ ಎಂಬ ಬಿರುದುಗಳು ಒಂದರ ಮೇಲೊಂದು ಮೆಟ್ಟಿಲು. ಅಲ್ಲಿ ಬಿರುದು ಅಂತಸ್ತನ್ನು ಹೇಳುತ್ತಿತ್ತು. ಮೈಸೂರಿನಲ್ಲಿ ಅದು ಹೆಚ್ಚಾಗಿ ಕೆಲಸವನ್ನು ಹೇಳುತ್ತಿತ್ತು. ನನಗೆ ಪ್ರಿಯವಾದದ್ದು ಈ ಎರಡನೆಯ ರೀತಿ. ಕೌಟಿಲ್ಯನ ಗ್ರಂಥವನ್ನು 1909ರಲ್ಲಿ ಅಚ್ಚು ಹಾಕಿಸಿದ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವಿಶಾರದರಾದರು. ಗೆಜೆಟಿಯರ್ ಸಂಪಾದಿಸಿದ ಹಯವದನರಾಯರು ರಾಜಚರಿತವಿಶಾರದರಾದರು. ವೀಣೆ ಶೇಷಣ್ಣನವರು ವೈಣಿಕಶಿಖಾಮಣಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅಮೀನ್-ಉಲ್-ಮುಲ್ಕ್. ದಾನಿಗಳನ್ನೂ ಅರಮನೆ ಮರೆಯಲಿಲ್ಲ: ಬೆಂಗಳೂರಿನ ದೊಡ್ಡಣ್ಣಶೆಟ್ಟರು ಜನೋಪಕಾರಿ, ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರು ಧರ್ಮಪ್ರವರ್ತ.

ದಸರಾ ದರ್ಬಾರು, ವರ್ಧಂತಿಯಂಥ ಸಂದರ್ಭಗಳಲ್ಲಿ ಅರಮನೆಯ ಮರ್ಯಾದೆ ನಡೆಯುತ್ತಿತ್ತು. ಬಿರುದು ಬರೆದ ಸನ್ನದು, ಶಾಲುಜೋಡಿ, ಕೆಲವರಿಗೆ ತೋಡಾ ಎಂಬ ಚಿನ್ನದ ಕಡಗ, ಗಂಡಭೇರುಂಡದ ಪದಕ. ತೋಡಾ ಕರಗಿ ಬಳೆಯಾಗಬಹುದು, ಪದಕ ಕಳೆದುಹೋಗಬಹುದು. ಬಿರುದು ಮಾತ್ರ ಜನರ ನಾಲಿಗೆಯ ಮೇಲೆ ಉಳಿಯಿತು. 1938ರಲ್ಲಿ ರಾಜಸೇವಾಸಕ್ತರಾದ ಬಿ.ಎಂ. ಶ್ರೀಕಂಠಯ್ಯನವರನ್ನು ಹಿರಿಯರು ಆ ಬಿರುದು ಸೇರಿಸಿಯೇ ನೆನೆಯುತ್ತಿದ್ದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದು ಮಾಡಿತು. ಪ್ರಜಾಪ್ರಭುತ್ವದಲ್ಲಿ ಅದು ಆಗಲೇಬೇಕಾಗಿದ್ದ ಕೆಲಸ. ಅದರ ಬಗ್ಗೆ ನನಗೆ ತಕರಾರಿಲ್ಲ. ಬೇಸರವಿರುವುದು, ಬಿರುದಿನ ಜೊತೆಗೆ ಅದರ ಕಾರಣವೂ ಮರೆಯಾಗುತ್ತಿರುವುದಕ್ಕೆ. ಹೊಸ ಮುದ್ರಣಗಳಲ್ಲಿ, ರಸ್ತೆಯ ಫಲಕಗಳಲ್ಲಿ ಈಗ ಬರೀ ಹೆಸರು. ಯಾರಿಗೆ ಯಾವ ಬಿರುದು, ಯಾವ ದುಡಿಮೆಗೆ ಎಂದು ಹೇಳುವ ಪುಸ್ತಕವೊಂದು ಎಲ್ಲರ ಕೈಗೂ ಸಿಗುವಂತಾಗಬೇಕು. ಮೊಮ್ಮಕ್ಕಳ ಮನೆಯ ಟ್ರಂಕುಗಳಲ್ಲಿ ಒಂದಷ್ಟು ಸನ್ನದುಗಳಾದರೂ ಗೆದ್ದಲು ಹಿಡಿಯದೆ ಉಳಿದಿರುವಾಗಲೇ ಯಾರಾದರೂ ಇದಕ್ಕೆ ಕೈಹಾಕಬೇಕು.